ನೇರಳೆಯ ಶಾಸ್ತ್ರೀಯ ನಾಮಾಂತರಗಳು

ಬಾಲಕರು ಸಹ ನೇರಳೆಯೆಂದು ಒಡನೆಯೇ ಗುರುತಿಸುವ ಈ ವೃಕ್ಷವು ಸಸ್ಯಶಾಸ್ತ್ರಜ್ಞರ ಕೈಯಲ್ಲಿ ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಕುಲದಿಂದ ಕುಲಕ್ಕೆ ಅಲೆಯಬೇಕಾಯಿತು. 1753ರಲ್ಲಿ ಸ್ವೀಡನ್ನಿನ ಲಿನೇಯಸನು ಇದನ್ನು ಯೂರೋಪಿನ ಮಿರ್ಟಲ್ ಗಿಡದ ಕುಲದಲ್ಲಿರಿಸಿ ಮಿರ್ಟಸ್ ಕ್ಯುಮಿನೈ ಎಂದನು. 1789ರಲ್ಲಿ ಫ್ರಾನ್ಸಿನ ಲಮಾರ್ಕನು ಕೊಟ್ಟ ಯುಜೀನಿಯ ಜಂಬೊಲಾನ ಎಂಬ ನಾಮವು ಬ್ರಿಟಿಷ್ ಭಾರತದ ಸಸ್ಯಗ್ರಂಥಗಳಲ್ಲಿ ನೆಲೆಗೊಂಡು, ಹಳೆಯ ವೈದ್ಯಗ್ರಂಥಗಳಲ್ಲಿಯೂ ಕಾಣಬರುತ್ತದೆ. 1912ರಲ್ಲಿ ಅಮೆರಿಕದ ಸ್ಕೀಲ್ಸ್ ಇದನ್ನು ಸಿಜೀಜಿಯಂ ಕುಲಕ್ಕೆ ವರ್ಗಾಯಿಸಿದಾಗ, ಮೊದಲು ಪ್ರಕಟವಾದ ಪ್ರಭೇದನಾಮಕ್ಕೇ ಮನ್ನಣೆಯೆಂಬ ನಿಯಮಾನುಸಾರವಾಗಿ ಲಿನೇಯಸನ ಪದವು ಮರಳಿ ಬಂದು, ಸಿಜೀಜಿಯಂ ಕ್ಯುಮಿನೈ ಎಂಬ ಇಂದಿನ ಹೆಸರು ಸಿದ್ಧವಾಯಿತು.

ಇಷ್ಟೊಂದು ಚಂಚಲತೆಗೆ ಪಂಡಿತರ ಹಟವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಎದುರುಬದುರಾದ ಎಲೆಗಳು, ಅವುಗಳೊಳಗೆ ಸುಗಂಧತೈಲದ ಸೂಕ್ಷ್ಮಗ್ರಂಥಿಗಳು, ಕೂದಲೆಳೆಯಂತಹ ಅಸಂಖ್ಯ ಕೇಸರಗಳು, ಪುಷ್ಪದಳಗಳ ಕೆಳಗಿರುವ ಅಂಡಾಶಯ, ಇವೆಲ್ಲವೂ ಯುಜೀನಿಯ ಮತ್ತು ಸಿಜೀಜಿಯಂಗಳೆರಡಕ್ಕೂ ಸಮಾನವಾಗಿರುವುದರಿಂದ, ಬಾಹ್ಯರೂಪವನ್ನೇ ನಂಬಿದವನಿಗೆ ಅವೆರಡೂ ಒಂದೆಂದೇ ತೋರುತ್ತವೆ. ಭೇದವಿರುವುದು ಹೂವಿನ ಅಂತರಂಗದಲ್ಲಿ: ಅಂಡಕಗಳಿಗೆ ಆಹಾರವನ್ನೊಯ್ಯುವ ನಾಳಗಳು ಯುಜೀನಿಯದಲ್ಲಿ ಅಂಡಾಶಯದ ನಡುಗೋಡೆಯನ್ನು ಹಾಯ್ದು ಬರುತ್ತವೆ, ಸಿಜೀಜಿಯಂನಲ್ಲಾದರೋ ನಡುವಣ ಅಕ್ಷದ ಮೂಲಕ ಸಾಗುತ್ತವೆ. ಸಸ್ಯಶಾಸ್ತ್ರಜ್ಞ ರುಡಾಲ್ಫ್ ಸ್ಮಿಡ್ 1972ರಲ್ಲಿ ಈ ಅಂತರವನ್ನು ವಿಶದಪಡಿಸಿದ ತರುವಾಯ, ಯುಜೀನಿಯವು ಬಹುಮಟ್ಟಿಗೆ ಅಮೆರಿಕ ಖಂಡಗಳದೆಂದೂ, ಸಿಜೀಜಿಯಂ ನಮ್ಮ ಪೂರ್ವದೇಶಗಳದೆಂದೂ ವಿಂಗಡಿಸುವುದು ಸುಕರವಾಯಿತು.

ಅಡುಗೆಮನೆಯ ಲವಂಗವೂ, ಪನ್ನೇರಳೆಯೂ ಸಿಜೀಜಿಯಂ ಕುಲದವೇ; ಸೀಬೆ ಮತ್ತು ನೀಲಗಿರಿ ಮರಗಳು ಕುಲ ಬೇರೆಯಾದರೂ ಇದೇ ಮಿರ್ಟೇಸಿ ಕುಟುಂಬಕ್ಕೆ ಸೇರಿದವು. ನೇರಳೆಯ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ತೈಲಗ್ರಂಥಿಗಳು ಚುಕ್ಕೆಗಳಂತೆ ಹೊಳೆಯುವುವು. ಆದರೆ ದಯವಿಟ್ಟು ಉದುರಿದ ಎಲೆಯನ್ನೇ ಆಯ್ದುಕೊಳ್ಳಿರಿ.