ಹುಲಿಗೂ ಉಂಟು ಸರಹದ್ದು

ಬಂಡೀಪುರ, ನಾಗರಹೊಳೆ, ವಯನಾಡು, ಮುದುಮಲೈ, ಸತ್ಯಮಂಗಲ – ಮೂರು ರಾಜ್ಯಗಳಿಗೆ ಸೇರಿದ ಈ ಕಾಡುಗಳು ಒಂದಕ್ಕೊಂದು ಹೊಂದಿಕೊಂಡಿವೆ. ತಾಳವಾಡಿಯ ನೆರೆಯ ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ರಾಜ್ಯಗಳ ಗಡಿ ಹುಲಿಗೆ ತಿಳಿಯದು. ಅದಕ್ಕೆ ಗೊತ್ತಿರುವುದು ತನ್ನದೇ ಸರಹದ್ದು.

ಬೆಕ್ಕಿನ ಜಾತಿಯಲ್ಲಿ ಹುಲಿಯೇ ಅತಿ ದೊಡ್ಡದು. ಸಾಮಾನ್ಯವಾಗಿ ಒಂಟಿಯಾಗಿ ತಿರುಗುತ್ತದೆ. ಗಿಡಮರಗಳಿಗೆ ಮೂತ್ರ ಸಿಂಪಡಿಸಿ, ತೊಗಟೆ ಕೆರೆದು ತನ್ನ ಸರಹದ್ದನ್ನು ಗುರುತಿಸುತ್ತದೆ. ಒಂದು ಗಂಡು ಹುಲಿಯ ಸರಹದ್ದಿನೊಳಗೆ ಎರಡು ಮೂರು ಹೆಣ್ಣು ಹುಲಿಗಳು ಇರುವುದುಂಟು. ಒಂದರ ಮೈಮೇಲಿನ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ಕಾಡಿನಲ್ಲಿ ಕ್ಯಾಮೆರಾ ಇಟ್ಟು ಎಣಿಸುವವರಿಗೆ ಇದೇ ಗುರುತು.

ಹೆಣ್ಣು ಹುಲಿ ಸುಮಾರು ಮೂರೂವರೆ ತಿಂಗಳು ಗರ್ಭ ಧರಿಸಿ, ಸಾಮಾನ್ಯವಾಗಿ 2ರಿಂದ 4 ಮರಿ ಹಾಕುತ್ತದೆ. ಹುಟ್ಟಿದಾಗ ಮರಿಗಳ ಕಣ್ಣು ಮುಚ್ಚಿರುತ್ತದೆ. ಸುಮಾರು 2 ವರ್ಷ ತಾಯಿಯ ಜೊತೆಗಿದ್ದು ಬೇಟೆ ಕಲಿಯುತ್ತವೆ. ಆಮೇಲೆ ಬೇರೆ ಜಾಗ ಹುಡುಕಿಕೊಳ್ಳಬೇಕು. ಒಳ್ಳೆಯ ಕಾಡು ಬಲಶಾಲಿ ಹುಲಿಗಳ ವಶದಲ್ಲಿರುವುದರಿಂದ ಎಳೆಯವು, ಮುದಿಯಾದವು, ಗಾಯಗೊಂಡವು ಕಾಡಂಚಿಗೆ ಸರಿಯುತ್ತವೆ. ಅಲ್ಲಿ ಸುಲಭವಾಗಿ ಸಿಗುವುದು ನಮ್ಮ ದನ, ಮೇಕೆ.

ಕಡವೆ, ಜಿಂಕೆ, ಕಾಟಿ, ಕಾಡುಹಂದಿ ಹುಲಿಯ ಸಹಜ ಆಹಾರ. ವರ್ಷಕ್ಕೆ ಸುಮಾರು 50 ಪ್ರಾಣಿಗಳಾದರೂ ಬೇಕು. ಕೊಂದದ್ದನ್ನು ಕೆಲವು ದಿನ ಇಟ್ಟು ತಿನ್ನುವುದರಿಂದ ದನ ಬಿದ್ದ ಜಾಗಕ್ಕೆ ಅದು ಮತ್ತೆ ಬರುತ್ತದೆ. ಅಲ್ಲಿಗೆ ಗುಂಪು ಕಟ್ಟಿ ಹೋಗುವುದು ಅಪಾಯ. ವಿಷ ಇಡುವುದು ಅಪರಾಧ. ಕಳೇಬರವನ್ನು ಮುಟ್ಟದೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿದರೆ ಪರಿಹಾರ ಕೇಳಲೂ ದಾರಿಯಾಗುತ್ತದೆ.