ಬೆಲ್ಲ ತಿಂದ್ರ ಶುಗರ್ ಏರೂದಿಲ್ಲ ಅಂತ ಯಾರು ಹೇಳಿದ್ರು?



ನಾನು ಬೆಲ್ಲ ಮಾಡಿ ಮಾರುವವನು. ಹೋದ ತಿಂಗಳು ಗಾಣಕ್ಕ ಬಂದ ಹೆಣ್ಣುಮಗಳೊಬ್ಬಾಕಿ ಕೇಳಿದಳು: "ಅಣ್ಣಾರ, ನಮ್ಮ ಮನಿಯವ್ರಿಗೆ ಶುಗರ್ ಐತಿ. ಸಕ್ಕರಿ ಬಿಡಿಸೇನಿ. ಬೆಲ್ಲ ನಡೀತೈತಿ ಅಲ್ರಿ?" ಹೂಂ ಅಂದಿದ್ರ ಐದು ಕಿಲೋ ಹೋಗುತ್ತಿತ್ತು. ಅನ್ನಲಿಲ್ಲ. ಯಾಕಂದ್ರ ನಮ್ಮಪ್ಪ ಇದನ್ನೇ ನಂಬಿ ಎರಡು ವರ್ಷ ದಿನಾ ನಾಕು ಸಲ ಬೆಲ್ಲದ ಚಾ ಕುಡಿದ. ಕಾಲಿನ ಹುಣ್ಣು ಮಾಯಲಿಲ್ಲ ಅಂತ ತಪಾಸಣಿ ಮಾಡಿಸಿದ್ರ ಶುಗರ್ ಮುನ್ನೂರು ದಾಟಿತ್ತು. "ಸಕ್ಕರಿ ಮುಟ್ಟಿಲ್ಲರೀ" ಅಂತ ಡಾಕ್ಟರ್ ಮುಂದ ಆಣಿ ಮಾಡಿದ. ಅವ ಹೇಳಿದ್ದು ಖರೇನ ಇತ್ತು.

ಈ ನಂಬಿಕಿ ಎಲ್ಲಿಂದ ಬಂತು? ನಮ್ಮ ಹೊಲದ ಇತಿಹಾಸ ನೋಡಿದ್ರ ತಿಳೀತೈತಿ.

1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬೈ ಪ್ರಾಂತಕ್ಕ ಸೇರಿದಾಗ ನಮ್ಮಜ್ಜ ಹರೇದವ. ಆಗ ಇಲ್ಲಿ ಹೆಚ್ಚಿನ ಹೊಲ ಮಳಿ ನೆಚ್ಚಿದ್ದು. ಎರಿಯಾಗ ಹಿಂಗಾರಿ ಬಿಳಿಜ್ವಾಳ, ಕಡ್ಲಿ, ಕುಸುಬಿ. ಬಾವಿ ನೀರಿದ್ದವರು ಒಂದು ತುಂಡು ಕಬ್ಬು ಹಚ್ಚಿ ಎತ್ತಿನ ಗಾಣ ಹೂಡತಿದ್ರು. ಬೆಲ್ಲ ಅಂದ್ರ ಹಬ್ಬದ ಹೋಳಿಗಿ, ಬಾಣಂತಿಗೆ ಅಂಟಿನ ಉಂಡಿ, ಬಿಸಲಾಗ ಬಂದವರಿಗೆ ಒಂದು ಚೂರು ಬೆಲ್ಲ, ತಂಬಿಗಿ ನೀರು. ತಿಂದದ್ದು ಸ್ವಲ್ಪ, ದುಡಿದದ್ದು ಬಹಳ.

ಆಮ್ಯಾಲ ನೀರು ಬಂತು. ಹಿಡಕಲ್ ಡ್ಯಾಮಿನಿಂದ ಘಟಪ್ರಭಾ ಕಾಲುವೆ ಬಂತು. 1989ರಲ್ಲಿ ಚಿಕ್ಕಪಡಸಲಗಿ ಹತ್ತಿರ ಕೃಷ್ಣಾ ನದಿಗೆ ರೈತರೇ ವಂತಿಗಿ ಹಾಕಿ, ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದರು. ಕಬ್ಬು ಹಬ್ಬಿತು, ಫ್ಯಾಕ್ಟರಿ ಎದ್ದವು, ಕೈಯಾಗ ರೊಕ್ಕ ಓಡಾಡಿತು. ಆ ನೀರಿನಿಂದಲೇ ನಾನೂ ಬದುಕೇನಿ, ತಪ್ಪು ಅನ್ನೂದಿಲ್ಲ. ಆದರ ಜ್ವಾಳ ನಮ್ಮ ಹೊಲ ಬಿಟ್ಟು ಅಂಗಡಿ ಸೇರಿತು. ಚಾ ದಿನಕ್ಕ ಐದು ಸಲ ಆತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ನಡಿಗಿ ಹೋಗಿ ಬೈಕ್ ಬಂತು. ಡಾಕ್ಟರು ಸಕ್ಕರಿ ಬಿಡ್ರಿ ಅಂದಾಗ ನಮಗ ಅಜ್ಜ ತಿಂದ ಬೆಲ್ಲ ನೆನಪಾತು, ಅಜ್ಜನ ದುಡಿಮಿ ನೆನಪಾಗಲಿಲ್ಲ.

ಈಗ ಲೆಕ್ಕ ನೋಡ್ರಿ. ಎರಡೂ ಅದೇ ಕಬ್ಬಿನ ಹಾಲಿನಿಂದ ಆದದ್ದು. ಸಕ್ಕರಿ ಬಹುತೇಕ ಪೂರ್ತಿ ಸುಕ್ರೋಸ್. 100 ಗ್ರಾಂ ಬೆಲ್ಲದಾಗ ಸುಮಾರು 65ರಿಂದ 85 ಗ್ರಾಂ ಸುಕ್ರೋಸ್. ಉಳಿದದ್ದರಾಗೂ ಗ್ಲುಕೋಸ್, ಫ್ರಕ್ಟೋಸ್ ಇರ್ತಾವ, ಜೊತಿಗೆ ನೀರು, ಖನಿಜ. 100 ಗ್ರಾಂ ಸಕ್ಕರಿಗೆ 400ರ ಹತ್ತಿರ ಕ್ಯಾಲೊರಿ, ಬೆಲ್ಲಕ್ಕ 380ರ ಆಸುಪಾಸು. ಬೆಲ್ಲದಾಗ ಕಬ್ಬಿಣದ ಅಂಶ ಐತಿ, ಖರೆ. ಆದರ ಚಾಕ್ಕ ಹಾಕೋ ಎರಡು ಚಮಚದಾಗ ಅದು ಅತೀ ಕಡಿಮಿ. ಅದರ ಮ್ಯಾಲ ಚಾದ ಒಗರು ಆ ಕಬ್ಬಿಣ ಮೈಗೆ ಹತ್ತಗೊಡೂದಿಲ್ಲ.

ಜ್ವಾಳದ ರೊಟ್ಟಿ ಎಷ್ಟು ತಿಂದ್ರೂ ನಡೀತೈತಿ ಅನ್ನೂದೂ ಅಷ್ಟೇ ಸುಳ್ಳು. ಜ್ವಾಳದಾಗೂ ನೂರಕ್ಕ 70ರಷ್ಟು ಪಿಷ್ಟ ಐತಿ. ಅಜ್ಜನ ಗಂಗಾಳದಾಗ ರೊಟ್ಟಿ ಜೊತಿಗೆ ಮಡಿಕಿಕಾಳು, ಪುಂಡಿಪಲ್ಯ, ಹಸಿ ಮೆಂತೆ, ಮಜ್ಜಿಗಿ ಇರತಿದ್ವು. ಉಳಿಸಿಕೊಳ್ಳೂದಿದ್ರ ಆ ಪೂರ್ತಿ ಗಂಗಾಳ ಉಳಿಸಿಕೊಳ್ಳೋಣ.

ಆ ಹೆಣ್ಣುಮಗಳು ಇಷ್ಟೂ ಕೇಳಿ, ಮಕ್ಕಳ ಹೋಳಿಗಿಗೆ ಅಂತ ಅರ್ಧ ಕಿಲೋ ಒಯ್ದಳು. ಶುಗರ್ ಇದ್ದವರು ಬೆಲ್ಲವನ್ನ ಸಕ್ಕರಿ ಲೆಕ್ಕಕ್ಕ ಹಿಡೀರಿ, ಗುಳಗಿ ಬಿಡಬ್ಯಾಡ್ರಿ. ಗಾಣ ನಡಸೋ ಗೆಳೆಯರೇ, ನಮ್ಮ ಬೆಲ್ಲವನ್ನ ರುಚಿ ಹೇಳಿ ಮಾರೋಣ. ಔಷಧ ಅಂತ ಮಾರೂದು ಬ್ಯಾಡ.