ಅಳತೆಗೆ ತಕ್ಕ ಕಪಾಟು: ಬೇಡಿಕೆಯಿಂದ ಕೊಯ್ತದವರೆಗೆ

ಮನೆಯ ಅಳತೆಗೆಂದೇ ಕಪಾಟು ಮಾಡಿಸುವುದು ನಮ್ಮವರಿಗೆ ಹೊಸತಲ್ಲ. ಹಿಂದೆ ಮುಂಬಯಿಯ ಮನೆಗಳಲ್ಲಿ ಬಡಗಿಯು ವಾರಗಟ್ಟಲೆ ಕೋಣೆಯೊಳಗೇ ಕುಳಿತು ಅಳೆದು, ಕೊಯ್ದು, ಜೋಡಿಸುತ್ತಿದ್ದನು; ತಪ್ಪಿದರೆ ಅಲ್ಲಿಯೇ ತಿದ್ದುತ್ತಿದ್ದನು. ಈಗ ಬಹುಮಟ್ಟಿಗೆ ಅಳತೆ ಮನೆಯಲ್ಲಿ, ಕೊಯ್ತ ಕಾರ್ಖಾನೆಯಲ್ಲಿ. ಒಮ್ಮೆ ಹಲಗೆಗೆ ಗರಗಸ ಬಿದ್ದ ಮೇಲೆ ತಿದ್ದುಪಡಿಗೆ ಅವಕಾಶ ಕಡಿಮೆ. ಆದುದರಿಂದ ಗೃಹಸ್ಥರು ಈ ಕೆಲಸದ ಕ್ರಮವನ್ನು ತಿಳಿದಿರುವುದು ಉಚಿತ.

ವಿನ್ಯಾಸಕಾರನು ಮೊದಲು ಬಣ್ಣದ ಚಿತ್ರಗಳನ್ನು ತೋರಿಸುತ್ತಾನೆ. ಅವುಗಳಿಗೆ ಮರುಳಾಗುವ ಮುನ್ನ ಮನೆಯ ಸಾಮಾನುಗಳ ಪಟ್ಟಿ ಸಿದ್ಧವಾಗಿರಲಿ. ಊರಿನಿಂದ ಬರುವ ಕುಚ್ಚಲಕ್ಕಿಯ ಡಬ್ಬ, ಭಾರವಾದ ಗ್ರೈಂಡರ್, ದೋಸೆಕಾವಲಿ, ಈಳಿಗೆಮಣೆ ಇವು ಕಂಪೆನಿಯ ಮಾದರಿ ಚಿತ್ರಗಳಲ್ಲಿ ಕಾಣಸಿಗುವುದಿಲ್ಲ. ಗ್ರೈಂಡರನ್ನು ದಿನವೂ ಎತ್ತಿ ಇಡಬೇಕಾದಂತೆ ಮೇಲಿನ ಖಾನೆಯಲ್ಲಿ ಜಾಗ ಕೊಟ್ಟರೆ ಸೊಂಟದ ನೋವು ಖಂಡಿತ. ಅಡುಗೆ ಕಟ್ಟೆಯ ಎತ್ತರವೂ ಹಾಗೆಯೇ. ಸಾಮಾನ್ಯವಾಗಿ 850 ಮಿ.ಮೀ. ಇಡುತ್ತಾರೆ, ಆದರೆ ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕರಿಂದ ಆರು ಅಂಗುಲ ಕೆಳಗಿರಬೇಕೆಂಬುದೇ ಸರಿಯಾದ ಲೆಕ್ಕ. ಅತ್ತೆ ಸೊಸೆಯರ ಎತ್ತರದಲ್ಲಿ ಅಂತರವಿದ್ದರೆ ಹೆಚ್ಚು ಹೊತ್ತು ನಿಲ್ಲುವವರ ಪಕ್ಷ ವಹಿಸುವುದು ನ್ಯಾಯ!

ಅಳತೆಯನ್ನು ಗಿಲಾವು, ನೆಲದ ಹಾಸು, ಟೈಲ್ಸ್ ಎಲ್ಲ ಮುಗಿದ ಬಳಿಕವೇ ತೆಗೆಯಬೇಕು. ನಮ್ಮ ಗೋಡೆಗಳು ನೇರವಾಗಿರುವುದು ವಿರಳ. ಒಂದು ಗೋಡೆಯಿಂದ ಇನ್ನೊಂದಕ್ಕೆ ಕೆಳಗೆ 1805, ನಡುವೆ 1812, ಮೇಲೆ 1798 ಮಿ.ಮೀ. ಬಂತೆನ್ನಿ. ಇವುಗಳಲ್ಲಿ ಅತಿ ಚಿಕ್ಕದಾದ 1798ನ್ನೇ ಹಿಡಿದು, ಕಪಾಟನ್ನು 1770ಕ್ಕೆ ಮಾಡಿ, ಉಳಿದ ಸಂದನ್ನು ಪಟ್ಟಿಯಿಂದ ಮುಚ್ಚುತ್ತಾರೆ. ಇದು ಕಳಪೆ ಕೆಲಸವಲ್ಲ, ಅನುಭವದ ಲಕ್ಷಣ.

ಹಲಗೆಯ ವಿಷಯದಲ್ಲಿ ಮಾರಾಟಗಾರರ ಮಾತಿಗಿಂತ ಮುದ್ರೆಯನ್ನು ನೋಡುವುದು ಲೇಸು. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ನ ಮಾನಕ. ಐಎಸ್ 710 ಮೆರೈನ್ ಪ್ಲೈವುಡ್‌ನದು. ಸಿಂಕಿನ ಕೆಳಗೆ ಎರಡನೆಯದೇ ಬೇಕು, ಮಲಗುವ ಕೋಣೆಯ ಬೀರುವಿಗೆ ಮೊದಲನೆಯದು ಸಾಕು.

ಇನ್ನು ಕೊಯ್ತದ ಪಟ್ಟಿ. ನಿಜವಾದ ಸಿದ್ಧತೆ ಇದೇ. ಮೇಲಿನ ಉದಾಹರಣೆಯ 1770ರಲ್ಲಿ 885ರ ಎರಡು ಪೆಟ್ಟಿಗೆಗಳು. ಪೆಟ್ಟಿಗೆಯ ಎರಡು ಪಕ್ಕದ ಹಲಗೆಗಳ ದಪ್ಪ ತಲಾ 18 ಮಿ.ಮೀ. ಆದ್ದರಿಂದ ಒಳಗಿನ ತಟ್ಟು 885 ಅಲ್ಲ, 849. ಒಳಬದಿಗೆ 0.8 ಮಿ.ಮೀ. ಲ್ಯಾಮಿನೇಟ್ ಅಂಟಿಸುವುದಿದ್ದರೆ 847ಕ್ಕೆ ಇಳಿಸಬೇಕು. ಗರಗಸವೂ ತನ್ನ ಪಾಲು ಪಡೆಯುತ್ತದೆ: 1220 ಮಿ.ಮೀ. ಅಗಲದ ಹಲಗೆಯಲ್ಲಿ 305ರ ನಾಲ್ಕು ಪಟ್ಟಿಗಳು ಕಾಗದದಲ್ಲಿ ಸರಿಹೊಂದುತ್ತವೆ. ಪ್ರತಿ ಕೊಯ್ತಕ್ಕೆ ಸುಮಾರು 3 ಮಿ.ಮೀ. ಪುಡಿಯಾಗುವುದರಿಂದ ನಾಲ್ಕನೆಯದು ಕಡಿಮೆ ಬೀಳುತ್ತದೆ. ಮರದ ಗೆರೆಯಿರುವ ಲ್ಯಾಮಿನೇಟ್ ಆದರೆ ಗೆರೆಯ ದಿಕ್ಕನ್ನೂ ಪಟ್ಟಿಯಲ್ಲಿ ಬರೆಯಬೇಕು. ಇಲ್ಲವಾದರೆ ಒಂದು ಬಾಗಿಲಿನ ಗೆರೆ ನಿಂತಿರುತ್ತದೆ, ಪಕ್ಕದ್ದು ಮಲಗಿರುತ್ತದೆ. ಹಿಂಜ್‌ಗೆ ಕೊರೆಯುವ ತೂತು ಸಾಮಾನ್ಯವಾಗಿ 35 ಮಿ.ಮೀ. ವ್ಯಾಸದ್ದು. ಹಿಂಜ್, ಟ್ರಾಲಿಗಳ ತಯಾರಕರನ್ನು ಮೊದಲೇ ನಿಗದಿಪಡಿಸಿದರೆ ಉಳಿದ ತೂತುಗಳ ಸ್ಥಾನವೂ ತಪ್ಪುವುದಿಲ್ಲ.

ಇಷ್ಟೂ ಆದ ಮೇಲೆ ನಕ್ಷೆಗೆ ಗ್ರಾಹಕರ ಸಹಿ ಕೇಳುತ್ತಾರೆ. ಸಾಲಪತ್ರಗಳಿಗೆ ಓದದೆ ಸಹಿ ಹಾಕುವವರನ್ನು ಮೂರು ದಶಕ ಕಂಡ ನನಗೆ ಇಲ್ಲಿ ಹೇಳಲೇಬೇಕೆನಿಸುತ್ತದೆ: ನಕ್ಷೆಯ ಪ್ರತಿ ಅಂಕಿಯನ್ನೂ ಮನೆಯಲ್ಲಿ ಟೇಪು ಹಿಡಿದು ತಾಳೆ ನೋಡಿ, ಸ್ವಿಚ್‌ಬೋರ್ಡ್, ನಲ್ಲಿಯ ಕವಾಟ, ಗ್ಯಾಸ್ ಮೀಟರು ಎಲ್ಲಿವೆಯೆಂದು ಗುರುತಿಸಿದ ನಂತರವೇ ಸಹಿ ಮಾಡಿರಿ. ಆ ಸಹಿಯ ಬಳಿಕದ ಬದಲಾವಣೆಯ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಮುಂಗಡದ ಕಂತುಗಳನ್ನೂ ಕೆಲಸದ ಹಂತಗಳಿಗೆ ಜೋಡಿಸಿ ಬರೆಸಿಕೊಳ್ಳಿರಿ; ಕೊನೆಯ ಕಂತು ಜೋಡಣೆ ಮುಗಿದ ಮೇಲೆ.

ಸಾಗಾಟದ ಪ್ರಶ್ನೆಯನ್ನೂ ನಕ್ಷೆಯ ಹಂತದಲ್ಲೇ ಕೇಳಬೇಕು. 2400 ಮಿ.ಮೀ. ಎತ್ತರ, 600 ಆಳದ ಬೀರುವನ್ನು ಜೋಡಿಸಿದ ಸ್ಥಿತಿಯಲ್ಲಿ ಮಲಗಿಸಿ ತಂದು ಎತ್ತಿ ನಿಲ್ಲಿಸುವಾಗ ಅದರ ಕರ್ಣ ಸುಮಾರು 2474 ಆಗುತ್ತದೆ. ಕೋಣೆಯ ಚಾವಣಿ 2450 ಇದ್ದರೆ ಬೀರು ನಿಲ್ಲದು. ಆದ್ದರಿಂದಲೇ ಕೆಳಗೆ 2100ರ ಬೀರು, ಮೇಲೆ ಪ್ರತ್ಯೇಕ ಅಟ್ಟ ಎಂದು ಎರಡು ಭಾಗಗಳಾಗಿ ಮಾಡಿಸುವ ವಾಡಿಕೆ ಬಂದಿದೆ. ಲಿಫ್ಟಿನ ಬಾಗಿಲು ಚಿಕ್ಕದಾಗಿದ್ದರೆ ಬಿಡಿ ಹಲಗೆಗಳಾಗಿ ತಂದು ಮನೆಯಲ್ಲೇ ಜೋಡಿಸುತ್ತಾರೆ.